ಮೊದಮೊದಲ ಮಡಚುವ ಫೋನ್‌ಗಳು ಯಾಕೆ ಕೈಕೊಟ್ಟವು? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಚುವ ಫೋನ್ ನೋಡಿದವರು ಮೊದಲು ಕೇಳುವುದು ಒಂದೇ: "ನಡುವೆ ಮುರಿಯಲ್ವಾ?" ಆದರೆ 2018ರಿಂದ 2020ರವರೆಗೆ ಬಂದ ಫೋನ್‌ಗಳನ್ನು ನೋಡಿದರೆ, ತೊಂದರೆ ಜಾಸ್ತಿ ಶುರುವಾಗಿದ್ದು ಅಂಚಿನಲ್ಲಿ, ಸಂದಿಯಲ್ಲಿ ಮತ್ತು ಮೇಲಿನ ತೆಳು ಪದರದಲ್ಲಿ. ಇವತ್ತಿಗೂ ಕೆಲವರು ಆ ಫೋನ್‌ಗಳನ್ನು ಬಳಸುತ್ತಿದ್ದಾರೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳುವವರೂ ಇದ್ದಾರೆ. ಅಂಥವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಮೊದಲ ತಲೆಮಾರು ಅಂದರೆ ಯಾವ ಯಾವ ಫೋನ್‌ಗಳು?

2018ರ ಅಕ್ಟೋಬರ್ ಕೊನೆಯಲ್ಲಿ ಚೀನಾದ ರೊಯೋಲ್ ಕಂಪನಿ ಫ್ಲೆಕ್ಸ್‌ಪೈ ತೋರಿಸಿತು. ಮಡಚುವ ಸ್ಕ್ರೀನ್ ಇಟ್ಟುಕೊಂಡು ಮಾರಾಟಕ್ಕೆ ಬಂದ ಮೊದಲ ಫೋನ್ ಅದು. 2019ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋಲ್ಡ್ ಮತ್ತು ಹುವಾವೇ ಮೇಟ್ ಎಕ್ಸ್ ಕೆಲವೇ ದಿನಗಳ ಅಂತರದಲ್ಲಿ ಪ್ರಕಟವಾದವು. ಅದೇ ವರ್ಷದ ನವೆಂಬರ್‌ನಲ್ಲಿ ಮೊಟೊರೊಲಾ ಹಳೇ ರೇಜರ್ ಹೆಸರಿನಲ್ಲೇ ಹೊಸ ಮಡಚುವ ಫೋನ್ ಪ್ರಕಟಿಸಿತು. 2020ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್‌ನದೇ ಗ್ಯಾಲಕ್ಸಿ ಝಡ್ ಫ್ಲಿಪ್ ಬಂತು. ಇಲ್ಲಿ ಮಾತಾಡುವುದು ಮುಖ್ಯವಾಗಿ ಇವುಗಳ ಬಗ್ಗೆ.

2019ರ ಏಪ್ರಿಲ್‌ನಲ್ಲಿ ಗ್ಯಾಲಕ್ಸಿ ಫೋಲ್ಡ್‌ಗೆ ಆಗಿದ್ದೇನು?

ಅಮೆರಿಕದಲ್ಲಿ ಏಪ್ರಿಲ್ 26ಕ್ಕೆ ಮಾರಾಟ ಅಂತ ನಿಗದಿಯಾಗಿತ್ತು. ಬೆಲೆ 1,980 ಡಾಲರ್. ಅದಕ್ಕೂ ಮುಂಚೆ ಕೆಲವು ಪತ್ರಕರ್ತರಿಗೆ ವಿಮರ್ಶೆಗೆಂದು ಫೋನ್ ಕೊಟ್ಟರು. ಒಂದೆರಡು ದಿನದಲ್ಲೇ ಒಬ್ಬೊಬ್ಬರ ಫೋನ್ ಕೆಡುತ್ತಾ ಬಂತು. ಅಲ್ಲಿ ನಡೆದದ್ದು ಒಂದೇ ಥರದ ದೋಷ ಅಲ್ಲ ಅನ್ನುವುದನ್ನು ಬಹಳ ಜನ ಗಮನಿಸಿಲ್ಲ.

ಬ್ಲೂಮ್‌ಬರ್ಗ್‌ನ ಮಾರ್ಕ್ ಗುರ್ಮನ್ ಸ್ಕ್ರೀನ್ ಮೇಲಿದ್ದ ಪ್ಲಾಸ್ಟಿಕ್ ಪದರ ಕಿತ್ತಿದ್ದರು. ಯೂಟ್ಯೂಬ್‌ನ ಮಾರ್ಕೆಸ್ ಬ್ರೌನ್ಲಿ ಕೂಡ ಕೀಳಲು ಹೋಗಿದ್ದರು. ಇಬ್ಬರ ಸ್ಕ್ರೀನೂ ಕೆಟ್ಟವು. ಸಿಎನ್‌ಬಿಸಿಯ ಸ್ಟೀವ್ ಕೋವಾಕ್ ಆ ಪದರ ಮುಟ್ಟಿಯೇ ಇರಲಿಲ್ಲ. ಅವರ ಫೋನಿನ ಎಡಭಾಗ ಮಿಣುಕತೊಡಗಿತು. ದಿ ವರ್ಜ್‌ನ ಡೀಟರ್ ಬೋನ್ ಅವರ ಫೋನಿನಲ್ಲಿ ಮಡಿಕೆಯ ಗೆರೆ ಮೇಲೆ ಚಿಕ್ಕ ಉಬ್ಬು ಕಾಣಿಸಿಕೊಂಡಿತು. ಒಳಗೆ ಏನೋ ಸೇರಿಕೊಂಡು ಕೆಳಗಿನಿಂದ ಸ್ಕ್ರೀನನ್ನು ಒತ್ತಿತ್ತು. ಆಮೇಲೆ ಸ್ಕ್ರೀನೇ ಕೆಟ್ಟಿತು.

ಏಪ್ರಿಲ್ 22ಕ್ಕೆ ಸ್ಯಾಮ್‌ಸಂಗ್ ಬಿಡುಗಡೆ ಮುಂದೂಡಿತು. ಹಿಂಜ್‌ನ (ಎರಡು ಅರ್ಧಗಳನ್ನು ಸೇರಿಸುವ ಕೀಲಿನ) ಮೇಲಿನ ಮತ್ತು ಕೆಳಗಿನ ತುದಿಗಳು ತೆರೆದಿರುವ ಕಡೆ ಪೆಟ್ಟು ಬಿದ್ದಿರಬಹುದು, ಒಂದು ಫೋನಿನೊಳಗೆ ಹೊರಗಿನ ವಸ್ತು ಸಿಕ್ಕಿದೆ ಅಂತ ಕಂಪನಿಯೇ ಹೇಳಿತು. ಆಗ ಮೊಬೈಲ್ ವಿಭಾಗ ನೋಡಿಕೊಳ್ಳುತ್ತಿದ್ದ ಡಿ.ಜೆ. ಕೋ, ಫೋನ್ ತಯಾರಾಗುವ ಮುಂಚೆಯೇ ತಾವು ಅದನ್ನು ಮುಂದೆ ತಳ್ಳಿದ್ದಾಗಿ ನಂತರ ಒಪ್ಪಿಕೊಂಡರು. ದೊಡ್ಡ ಕಂಪನಿಯ ಮುಖ್ಯಸ್ಥರು ಹೀಗೆ ನೇರವಾಗಿ ಹೇಳುವುದು ಕಡಿಮೆ. ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಅಷ್ಟು ದುಬಾರಿ ಫೋನಿನ ಪದರವನ್ನು ಯಾರಾದರೂ ಕೀಳ್ತಾರಾ? ತಪ್ಪು ಅವರದ್ದೇ ಅಲ್ವಾ?

ನನ್ನ ಪ್ರಕಾರ ಅಲ್ಲ. ಹೊಸ ಫೋನ್ ಡಬ್ಬಿಯಿಂದ ತೆಗೆದಾಗ ಮೊದಲು ಮಾಡುವುದೇನು? ಮೇಲೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಎಳೆದು ಬಿಸಾಕುವುದು. ವರ್ಷಗಟ್ಟಲೆ ಎಲ್ಲ ಕಂಪನಿಗಳೂ ನಮಗೆ ಅದನ್ನೇ ಅಭ್ಯಾಸ ಮಾಡಿಸಿವೆ.

ಗ್ಯಾಲಕ್ಸಿ ಫೋಲ್ಡ್‌ನ ಪದರ ನೋಡಲು ಥೇಟ್ ಸ್ಕ್ರೀನ್ ಗಾರ್ಡ್ ಥರವೇ ಇತ್ತು. ಅದು ಚೌಕಟ್ಟಿನ ತನಕ ಹೋಗುತ್ತಿರಲಿಲ್ಲ. ಸುತ್ತಲೂ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲುತ್ತಿತ್ತು. ಉಗುರು ಹಾಕಿದರೆ ಅಂಚು ಸಿಗುತ್ತಿತ್ತು. ಸಿಕ್ಕಿದ ಅಂಚನ್ನು ಕೈ ತಾನಾಗಿಯೇ ಎಳೆಯುತ್ತದೆ. ಕೀಳಬೇಡಿ ಅನ್ನುವ ಎಚ್ಚರಿಕೆ ಮೊದಲ ವಿಮರ್ಶಕರ ಕಣ್ಣಿಗೆ ಬಿದ್ದಿರಲಿಲ್ಲ. ಎಚ್ಚರಿಕೆ ಬರೆದು ಅಂಟಿಸುವುದಕ್ಕಿಂತ, ಉಗುರಿಗೆ ಸಿಗದ ಹಾಗೆ ಮಾಡುವುದೇ ಸರಿಯಾದ ದಾರಿ. ಕೊನೆಗೆ ಸ್ಯಾಮ್‌ಸಂಗ್ ಮಾಡಿದ್ದೂ ಅದನ್ನೇ.

ಸರಿ, ಪದರ ಕಿತ್ತರೆ ಇಡೀ ಸ್ಕ್ರೀನ್ ಯಾಕೆ ಸಾಯಬೇಕು?

ಏಕೆಂದರೆ ಅದು ಗಾರ್ಡ್ ಆಗಿರಲಿಲ್ಲ, ಸ್ಕ್ರೀನಿನದೇ ಒಂದು ಭಾಗ. ಮಡಚುವ ಸ್ಕ್ರೀನ್ ಅಂದರೆ ತೆಳು ಹಾಳೆಗಳ ಒಂದು ಕಟ್ಟು. ಕೆಳಗೆ ಆಸರೆಯ ಪದರ, ಅದರ ಮೇಲೆ ಪ್ಲಾಸ್ಟಿಕ್ ತಳದ ಓಎಲ್‌ಇಡಿ (ಬೆಳಗಿ ಚಿತ್ರ ಮೂಡಿಸುವ ಪದರ), ಆಮೇಲೆ ಸ್ಪರ್ಶ ಗುರುತಿಸುವ ಪದರ, ಎಲ್ಲಕ್ಕಿಂತ ಮೇಲೆ ರಕ್ಷಣೆಯ ಪದರ. ಇವೆಲ್ಲವನ್ನೂ ಮೆತ್ತನೆಯ ಪಾರದರ್ಶಕ ಅಂಟು ಹಿಡಿದಿಟ್ಟಿರುತ್ತದೆ.

ಇಂಥ ಕಟ್ಟನ್ನು ಮಡಚಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಎಂಜಿನಿಯರ್‌ಗಳು ತುಂಬಾ ನಾಜೂಕಾದ ಓಎಲ್‌ಇಡಿ ಪದರವನ್ನು ಆ ನಡುಮಟ್ಟದ ಹತ್ತಿರ ಕೂರಿಸುತ್ತಾರೆ. ಮೇಲಿನ ಪದರ ಕಿತ್ತರೆ ಕಟ್ಟಿನ ಲೆಕ್ಕವೇ ಬದಲಾಗುತ್ತದೆ. ನಡುಮಟ್ಟ ಜಾರುತ್ತದೆ, ಎಳೆತ ಓಎಲ್‌ಇಡಿ ಮೇಲೆ ಬೀಳುತ್ತದೆ. ಅದಕ್ಕಿಂತ ಮುಂಚೆ, ಕೀಳುವಾಗಿನ ಜಗ್ಗಾಟವೇ ಕೆಳಗಿನ ಪದರಗಳನ್ನು ಹಾಳು ಮಾಡಲು ಸಾಕು.

ಮಾಮೂಲಿ ಫೋನಿನ ಹಾಗೆ ಗಾಜು ಹಾಕಬಹುದಿತ್ತಲ್ಲ?

ಸಣ್ಣ ಲೆಕ್ಕ ಮಾಡೋಣ. ಮಡಚಿದಾಗ ಹೊರಮೈ ಎಷ್ಟು ಹಿಗ್ಗುತ್ತದೆ ಅನ್ನುವುದು ದಪ್ಪ ಮತ್ತು ಬಾಗುವ ತ್ರಿಜ್ಯದ ಮೇಲೆ ನಿಂತಿದೆ. ಗಾಜಿನ ದಪ್ಪವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸುಮಾರು ಉತ್ತರ ಸಿಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಗಾಜನ್ನು ಒಂದೂವರೆ ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದರೆ ಶೇ 17ರ ಹತ್ತಿರ ಹಿಗ್ಗಬೇಕಾಗುತ್ತದೆ. ಯಾವ ಗಾಜೂ ಅಷ್ಟು ತಡೆಯಲ್ಲ. ಅದೇ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 30 ಭಾಗ) ದಪ್ಪದ ಗಾಜಾದರೆ ಶೇ 1 ಹಿಗ್ಗಿದರೆ ಸಾಕು.

ಅಷ್ಟು ತೆಳು ಗಾಜನ್ನು ಫೋನಿಗೆ ಬಳಸುವಷ್ಟು ಪಳಗಿಸಿದ್ದು ಝಡ್ ಫ್ಲಿಪ್ ಹೊತ್ತಿಗೆ. 2019ರ ಫೋನ್‌ಗಳೆಲ್ಲ ಪಾಲಿಇಮೈಡ್ ಥರದ ಪ್ಲಾಸ್ಟಿಕ್ ಮೇಲ್ಮೈಯನ್ನೇ ನಂಬಿಕೊಂಡಿದ್ದವು.

ಹಾಗಾದರೆ ಝಡ್ ಫ್ಲಿಪ್‌ನ "ಗಾಜು" ಗೀರು ಬೀಳದೇ ಇರುತ್ತಾ?

ಬೀಳುತ್ತದೆ. ಫೋನ್‌ಗಳನ್ನು ಗೀಚಿ ಪರೀಕ್ಷೆ ಮಾಡುವ ಜೆರಿರಿಗ್‌ಎವ್ರಿಥಿಂಗ್ ಯೂಟ್ಯೂಬ್ ಚಾನೆಲ್‌ನಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಮಾಮೂಲಿ ಫೋನಿನ ಗಾಜು ಗಡಸುತನದ ಮೋಸ್ ಅಳತೆಯಲ್ಲಿ (1 ತೀರಾ ಮೆದು, 10 ತೀರಾ ಗಡಸು) 6ನೇ ಮಟ್ಟಕ್ಕೆ ಗೀರು ತೋರಿಸುತ್ತದೆ. ಝಡ್ ಫ್ಲಿಪ್ 2ಕ್ಕೇ ಗುರುತು ತೋರಿಸಿತು, 3ಕ್ಕೆ ಆಳವಾದ ಗೀರು ಬಿತ್ತು. ಉಗುರಿನ ಗಡಸುತನವೇ ಸುಮಾರು ಎರಡೂವರೆ. ಅಂದರೆ ಉಗುರು ಒತ್ತಿದರೂ ಗುರುತು ಉಳಿಯಬಹುದು.

ಗಾಜು ನಿಜವಾಗಿಯೂ ಇತ್ತು, ಆದರೆ ಅದರ ಮೇಲೆ ಪ್ಲಾಸ್ಟಿಕ್ ಪದರವೂ ಇತ್ತು. ಬೆರಳು ಮುಟ್ಟುವುದು ಆ ಪ್ಲಾಸ್ಟಿಕ್ಕನ್ನು. ಜಾಹೀರಾತಿನಲ್ಲಿ ಗಾಜು ಅಂದಾಗ ಜನ ಮಾಮೂಲಿ ಗಾಜಿನ ಗಟ್ಟಿತನವನ್ನೇ ನಿರೀಕ್ಷಿಸುತ್ತಾರೆ. ಈ ವಿವರವನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು.

ಧೂಳು ಒಳಗೆ ಹೋಗಿದ್ದು ಎಲ್ಲಿಂದ?

ಮೊದಲ ಗ್ಯಾಲಕ್ಸಿ ಫೋಲ್ಡನ್ನು ಬಿಡಿಸಿ ಮೇಜಿನ ಮೇಲಿಟ್ಟು, ನಡುಗೆರೆ ಮೇಲಂಚಿಗೆ ಸೇರುವ ಜಾಗ ನೋಡಿ. ಸ್ಕ್ರೀನಿನ ಸುತ್ತ ಒಂದು ಪ್ಲಾಸ್ಟಿಕ್ ಚೌಕಟ್ಟು ಇದೆ. ಆದರೆ ಮಡಿಕೆಯ ಹತ್ತಿರ ಬಂದಾಗ ಆ ಚೌಕಟ್ಟು ನಿಂತುಬಿಡುತ್ತದೆ. ನಿಲ್ಲಲೇಬೇಕು, ಯಾಕೆಂದರೆ ಗಟ್ಟಿ ಚೌಕಟ್ಟು ಮಡಚಲ್ಲ. ಎಡಗಡೆ ಚೌಕಟ್ಟು ಮುಗಿದು ಬಲಗಡೆಯದು ಶುರುವಾಗುವ ನಡುವೆ ಒಂದು ಬಾಯಿ ತೆರೆದುಕೊಂಡಿತ್ತು. ಸ್ಕ್ರೀನಿನ ಬರಿಯ ಅಂಚು ಅಲ್ಲಿ ಕಾಣುತ್ತಿತ್ತು. ಕೆಳಗಡೆಯೂ ಅಂಥದೇ ಇನ್ನೊಂದು.

ಜೇಬಿನ ನೂಲು, ಮರಳಿನ ಕಣ, ಏನೇ ಆಗಲಿ ಅಲ್ಲಿಂದ ಸ್ಕ್ರೀನಿನ ಅಡಿಗೆ ಹೋಗಬಹುದಿತ್ತು. ಒಳಗೆ ಹೋದದ್ದು ಹಿಂಜ್ ಮತ್ತು ಸ್ಕ್ರೀನ್ ನಡುವೆ ಸಿಕ್ಕಿಕೊಳ್ಳುತ್ತದೆ. ಫೋನ್ ಮುಚ್ಚಿದಾಗಲೆಲ್ಲ ಆ ಕಣ ಸ್ಕ್ರೀನಿನ ಬೆನ್ನಿಗೆ ಚುಚ್ಚುತ್ತದೆ. ಬೆನ್ನಿಗೆ ಗಾಜಿನಂಥ ಗಟ್ಟಿ ಆಸರೆ ಇಲ್ಲದ್ದರಿಂದ ಮೇಲೆ ಉಬ್ಬು ಏಳುತ್ತದೆ, ಆಮೇಲೆ ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕಿಗಳು) ಸಾಯುತ್ತವೆ.

ಸಾಧನಗಳನ್ನು ಬಿಚ್ಚಿ ರಿಪೇರಿ ಎಷ್ಟು ಸುಲಭ ಅಂತ ಹೇಳುವ ಐಫಿಕ್ಸಿಟ್ ತಂಡ ಆ ಏಪ್ರಿಲ್‌ನಲ್ಲೇ ಫೋನ್ ಬಿಚ್ಚಿ ನೋಡಿ ಇದೇ ಸಂದುಗಳತ್ತ ಬೆರಳು ಮಾಡಿತ್ತು. ರಿಪೇರಿ ಸುಲಭತೆಗೆ 10ಕ್ಕೆ 2 ಅಂಕ ಕೊಟ್ಟಿತು. ಫೋನ್ ಒದಗಿಸಿದವರ ಮೂಲಕ ಸ್ಯಾಮ್‌ಸಂಗ್ ಕೇಳಿಕೊಂಡ ಮೇಲೆ ಆ ಬರಹ ತೆಗೆದುಹಾಕಿತು. ಆ ಬರಹ ಓದುಗರಿಗೆ ತುಂಬಾ ಬೇಕಾಗಿದ್ದ ಹೊತ್ತಿನಲ್ಲೇ ಅದು ಮರೆಯಾಗಿದ್ದು ಬೇಸರದ ವಿಷಯ.

ಗ್ಯಾಲಕ್ಸಿ ಫೋಲ್ಡ್ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದಾಗ ಏನು ಬದಲಾಗಿತ್ತು?

2019ರ ಸೆಪ್ಟೆಂಬರ್ 6ಕ್ಕೆ ಕೊರಿಯಾದಲ್ಲಿ ಮಾರಾಟ ಶುರುವಾಯಿತು. ಮೇಲಿನ ಪದರವನ್ನು ಚೌಕಟ್ಟಿನ ಅಡಿಯ ತನಕ ಎಳೆದಿದ್ದರು. ಅಂಚು ಉಗುರಿಗೆ ಸಿಗದಂತಾಯಿತು. ಮಡಿಕೆಯ ಎರಡೂ ತುದಿಯ ಬಾಯಿಗೆ ಟಿ ಆಕಾರದ ಪುಟ್ಟ ಮುಚ್ಚಳ ಬಂತು. ಸ್ಕ್ರೀನಿನ ಕೆಳಗೆ ಲೋಹದ ಪದರ ಸೇರಿಸಿದರು. ಹಿಂಜ್ ಮತ್ತು ಮೈ ನಡುವಿನ ಸಂದು ಕಿರಿದಾಯಿತು. ಇಷ್ಟೇ ಬದಲಾವಣೆ. ಒಂದಾದರೂ ದೊಡ್ಡ ಸಂಶೋಧನೆ ಅನ್ನಿಸಲ್ಲ, ಆದರೆ ಮೊದಲೇ ಇವು ಇದ್ದಿದ್ದರೆ ಏಪ್ರಿಲ್‌ನ ರಾದ್ಧಾಂತದಲ್ಲಿ ಹೆಚ್ಚಿನದು ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಸ್ಯಾಮ್‌ಸಂಗ್‌ನವರು 2 ಲಕ್ಷ ಸಲ ಮಡಚಿ ಪರೀಕ್ಷೆ ಮಾಡಿದ್ದೇವೆ ಅಂದಿದ್ದರಲ್ಲ? ಅದು ಸುಳ್ಳಾ?

ಸುಳ್ಳಲ್ಲ. ದಿನಕ್ಕೆ 100 ಸಲ ತೆರೆದು ಮುಚ್ಚಿದರೂ 5 ವರ್ಷಕ್ಕೆ ಮೇಲೆ ಬರುವ ಲೆಕ್ಕ ಅದು. ಕಂಪನಿಯ ಯಂತ್ರಗಳು ಅಷ್ಟು ಸಲ ಮಡಚಿದ್ದನ್ನು ವಿಡಿಯೊದಲ್ಲೂ ತೋರಿಸಿದರು. ಆದರೆ ಆ ಪರೀಕ್ಷೆ ಉತ್ತರಿಸಿದ ಪ್ರಶ್ನೆ ಒಂದೇ: ಶುಚಿಯಾದ ಕೋಣೆಯಲ್ಲಿ, ಒಂದೇ ದಿಕ್ಕಿನಲ್ಲಿ, ಒಂದೇ ಬಲದಲ್ಲಿ ಮಡಚುತ್ತಾ ಹೋದರೆ ಈ ವಸ್ತು ದಣಿಯುತ್ತದಾ?

ಜೇಬು ಶುಚಿಯಾದ ಕೋಣೆಯಲ್ಲ. ಅಲ್ಲಿ ಕಸ ಇರುತ್ತದೆ, ಕೀ ಇರುತ್ತದೆ. ಮುಚ್ಚುವಾಗ ಜನ ಹೆಬ್ಬೆರಳಿನಿಂದ ಸ್ಕ್ರೀನನ್ನೇ ಒತ್ತಿ ಮುಚ್ಚುತ್ತಾರೆ. ಒಂದು ಮೂಲೆ ಹಿಡಿದು ತೆರೆಯುತ್ತಾರೆ, ಆಗ ಹಿಂಜ್‌ನ ಒಂದು ತುದಿಗೆ ಭಾರ ಜಾಸ್ತಿ. ಕಣವೊಂದು ಒಳಗೆ ಸೇರಿದ ಫೋನಿಗೆ 2 ಲಕ್ಷ ಮಡಿಕೆ ಬೇಕಾಗಿಲ್ಲ, ಎರಡು ದಿನ ಸಾಕು. ಮೊದಲ ಫೋನ್‌ಗಳ ಬಗ್ಗೆ ನನ್ನ ಮುಖ್ಯ ದೂರು ಇದೇ. ಮಡಚುವುದನ್ನು ಅಷ್ಟೊಂದು ಪರೀಕ್ಷಿಸಿದರು, ಬಳಸುವುದನ್ನು ಸಾಕಷ್ಟು ಪರೀಕ್ಷಿಸಲಿಲ್ಲ.

ಹೊರಗಿನವರೂ ಯಂತ್ರದಲ್ಲಿ ಮಡಚಿ ನೋಡಿದ್ದಾರೆ. ತಂತ್ರಜ್ಞಾನ ಸುದ್ದಿತಾಣ ಸಿನೆಟ್ ನಡೆಸಿದ ಪರೀಕ್ಷೆಯಲ್ಲಿ ಗ್ಯಾಲಕ್ಸಿ ಫೋಲ್ಡ್ ಸುಮಾರು 1 ಲಕ್ಷ 20 ಸಾವಿರಕ್ಕೆ ಅರ್ಧ ಸ್ಕ್ರೀನ್ ಕಳೆದುಕೊಂಡಿತು. ಆ ಯಂತ್ರ ಮನುಷ್ಯರಿಗಿಂತ ಎಷ್ಟೋ ವೇಗವಾಗಿ, ಬಿಡುವಿಲ್ಲದೆ ಮಡಚುತ್ತಿತ್ತು ಅನ್ನುವುದನ್ನೂ ನೆನಪಿಡಬೇಕು.

ಮೊಟೊರೊಲಾ ರೇಜರ್‌ನ ಹಿಂಜ್ ಒಳ್ಳೆಯದು ಅಂತಿದ್ದರು. ಅಲ್ಲೇನಾಯ್ತು?

ಅದರ ಹಿಂಜ್‌ನ ಯೋಚನೆ ನಿಜಕ್ಕೂ ಚೆನ್ನಾಗಿತ್ತು. ಗ್ಯಾಲಕ್ಸಿ ಫೋಲ್ಡ್ ಮುಚ್ಚಿದಾಗ ಹಿಂಜ್ ಹತ್ತಿರ ಸಂದು ಉಳಿಯುತ್ತಿತ್ತು. ರೇಜರ್‌ನಲ್ಲಿ ಎರಡು ಅರ್ಧಗಳೂ ಪೂರ್ತಿ ಸೇರುತ್ತಿದ್ದವು. ಹಾಗೆ ಸೇರಬೇಕಾದರೆ ಸ್ಕ್ರೀನ್ ಒಳಗಡೆ ನೀರ ಹನಿಯ ಆಕಾರದಲ್ಲಿ ಸುತ್ತಿಕೊಳ್ಳಬೇಕು. ಅದಕ್ಕೆ ಜಾಗ ಬಿಡಲು ಕೆಳಗಿನ ಆಸರೆಯ ತಗಡುಗಳು ಪಕ್ಕಕ್ಕೆ ಸರಿಯುತ್ತಿದ್ದವು. ಹೀಗಾಗಿ ಸ್ಕ್ರೀನ್ ಎಲ್ಲ ಕಡೆಯೂ ತಳಕ್ಕೆ ಅಂಟಿರಲಿಲ್ಲ. ಅಲ್ಲಲ್ಲಿ ಏರುತಗ್ಗು ಕಾಣುತ್ತಿತ್ತು. ಉಬ್ಬುತಗ್ಗು ಸಹಜ ಅಂತ ಮೊಟೊರೊಲಾ ತನ್ನ ವಿಡಿಯೊದಲ್ಲೇ ಹೇಳಿತು.

ತೆರೆದು ಮುಚ್ಚುವಾಗ ಕಿರ್ರ್ ಅನ್ನುವ ಸದ್ದು ಬರುತ್ತಿದೆ ಅಂತಲೂ ಬಹಳ ಜನ ದೂರಿದರು. ಸಿನೆಟ್‌ನ ಯಂತ್ರದಲ್ಲಿ ಸುಮಾರು 27 ಸಾವಿರ ಮಡಿಕೆಗೆ ಹಿಂಜ್ ಸರಿಯಾಗಿ ಮುಚ್ಚದಂತಾಯಿತು. ಆ ಯಂತ್ರ ತನ್ನ ಫೋನಿಗೆ ಹೊಂದುವುದಿಲ್ಲ, ಹಿಂಜ್ ಮೇಲೆ ಬೇಡದ ಭಾರ ಹಾಕುತ್ತದೆ ಅಂತ ಮೊಟೊರೊಲಾ ಉತ್ತರಿಸಿತು. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ 1,499 ಡಾಲರಿನ ಫೋನಿಗೆ ಬರೀ 2,510 ಎಂಎಎಚ್‌ನ ಸಣ್ಣ ಬ್ಯಾಟರಿ ಕೊಟ್ಟಿದ್ದನ್ನು ಯಾವ ಯಂತ್ರದ ಮೇಲೂ ಹಾಕಲಾಗದು. ಐಫಿಕ್ಸಿಟ್ ಇದಕ್ಕೆ ಕೊಟ್ಟಿದ್ದು 10ಕ್ಕೆ 1.

ಹೊರಕ್ಕೆ ಮಡಚಿದರೆ ಈ ತಾಪತ್ರಯ ಇರಲ್ಲ ಅಲ್ವಾ?

ಒಂದು ತಾಪತ್ರಯ ಹೋಗುತ್ತದೆ, ಇನ್ನೊಂದು ಬರುತ್ತದೆ. ಫ್ಲೆಕ್ಸ್‌ಪೈ ಮತ್ತು ಮೇಟ್ ಎಕ್ಸ್ ಎರಡೂ ಹೊರಕ್ಕೆ ಮಡಚುತ್ತಿದ್ದವು. ಹೊರಕ್ಕಾದರೆ ಸ್ಕ್ರೀನ್ ಇಡೀ ಫೋನಿನ ದಪ್ಪವನ್ನು ಸುತ್ತಿಕೊಂಡು ಹೋಗುತ್ತದೆ. ತಿರುವು ಅಗಲ, ಆದ್ದರಿಂದ ಎಳೆತ ಕಡಿಮೆ. ಎರಡನೇ ಸ್ಕ್ರೀನ್ ಬೇಕಿಲ್ಲ. ಹೀಗಾಗಿ 8 ಇಂಚಿನ ಮೇಟ್ ಎಕ್ಸ್ ಮುಚ್ಚಿದಾಗ 11 ಮಿಲಿಮೀಟರ್ ದಪ್ಪ ಅಷ್ಟೇ.

ಆದರೆ ಆ ಮೆದು ಪ್ಲಾಸ್ಟಿಕ್ ಸದಾ ಹೊರಗೇ ಇರುತ್ತದೆ. ಮೇಜಿಗೆ, ಕೀಗೆ, ನೆಲಕ್ಕೆ ಮೊದಲು ತಾಗುವುದು ಅದೇ. ಬಿದ್ದರೆ ಪೆಟ್ಟು ಸೀದಾ ಸ್ಕ್ರೀನಿನ ತಿರುವಿಗೆ. 2021ರ ಮೇಟ್ ಎಕ್ಸ್2 ಹೊತ್ತಿಗೆ ಹುವಾವೇ ಕೂಡ ಒಳಕ್ಕೆ ಮಡಚುವ ದಾರಿಗೇ ಬಂತು.

ಮಡಚುವ ಸ್ಕ್ರೀನ್ ಬದಲು ಎರಡು ಮಾಮೂಲಿ ಸ್ಕ್ರೀನ್ ಜೋಡಿಸಿದರೆ?

2020ರ ಮೈಕ್ರೋಸಾಫ್ಟ್ ಸರ್ಫೇಸ್ ಡ್ಯುಯೊ ಹಾಗೇ ಇತ್ತು. 5.6 ಇಂಚಿನ ಎರಡು ಗಾಜಿನ ಸ್ಕ್ರೀನ್, ನಡುವೆ ಹಿಂಜ್. ಸ್ಕ್ರೀನ್ ಗಟ್ಟಿ ಇತ್ತು. ಆದರೆ ಫೋನ್ ತೀರಾ ತೆಳು ಮಾಡಿದ್ದರಿಂದ ಯುಎಸ್‌ಬಿ ಪೋರ್ಟ್ ಸುತ್ತಲಿನ ಪ್ಲಾಸ್ಟಿಕ್ ಬಿರುಕು ಬಿಡುತ್ತಿದೆ ಅಂತ ದೂರುಗಳು ಬಂದವು.

ನಡುವಿನ ಗೆರೆ ದೋಷವಾ?

ದೋಷವಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗುವ ಪ್ಲಾಸ್ಟಿಕ್ ಮತ್ತು ಅಂಟು ಪೂರ್ತಿ ಮೊದಲಿನ ಹಾಗೆ ಚಪ್ಪಟೆಯಾಗಲ್ಲ. ತಿರುವು ಬಿಗಿಯಾದಷ್ಟೂ ಗೆರೆ ಆಳ. ಬೆಳಕು ಓರೆಯಾಗಿ ಬಿದ್ದಾಗ ಜಾಸ್ತಿ ಕಾಣುತ್ತದೆ, ನೇರವಾಗಿ ನೋಡಿದರೆ ಮರೆಯಾಗುತ್ತದೆ. ಆದರೆ ಗೆರೆಯ ಉದ್ದಕ್ಕೂ ಬಿಳಿ, ಕಪ್ಪು ಅಥವಾ ಬಣ್ಣದ ಪಟ್ಟಿ ಕಂಡರೆ, ಗುಳ್ಳೆ ಎದ್ದರೆ ಅದು ಬೇರೆ ಮಾತು. ಅದು ಕೆಡುತ್ತಿರುವ ಸೂಚನೆ.

ಚಳಿ ಇದ್ದರೆ ತೊಂದರೆಯಾ?

ಹೌದು. ಪ್ಲಾಸ್ಟಿಕ್ಕೂ ಅಂಟೂ ತಣ್ಣಗಾದಾಗ ಬಿರುಸಾಗುತ್ತವೆ. ಮೇಟ್ ಎಕ್ಸನ್ನು ಮೈನಸ್ 5 ಡಿಗ್ರಿಗಿಂತ ಕೆಳಗೆ ಬಳಸಬೇಡಿ ಅಂತ ಹುವಾವೇ ಹೇಳಿತ್ತು. ಚಳಿಯಲ್ಲಿದ್ದ ಫೋನನ್ನು ತಕ್ಷಣ ತೆರೆಯಬೇಡಿ. ಕೋಣೆಯ ಬಿಸಿಗೆ ಸ್ವಲ್ಪ ಹೊತ್ತು ಬಿಡಿ.

ಗಟ್ಟಿತನ ಬಿಟ್ಟು ವಿನ್ಯಾಸದಲ್ಲಿ ಬೇರೆ ಎಡವಟ್ಟುಗಳು?

ಮೊದಲ ಗ್ಯಾಲಕ್ಸಿ ಫೋಲ್ಡ್‌ನ ಹೊರ ಸ್ಕ್ರೀನ್ 4.6 ಇಂಚು, ಅದೂ ಉದ್ದ ಜಾಸ್ತಿ, ಅಗಲ ಕಡಿಮೆ. ಕೀಬೋರ್ಡಿನಲ್ಲಿ ಎರಡು ಹೆಬ್ಬೆರಳು ಹಿಡಿಸುತ್ತಿರಲಿಲ್ಲ. ಹಾಗಾಗಿ ಸಣ್ಣ ಮೆಸೇಜಿಗೂ ಫೋನ್ ಬಿಡಿಸಬೇಕಿತ್ತು. ಇದು ಬರೀ ಅನುಕೂಲದ ವಿಷಯ ಅನ್ನಿಸಬಹುದು, ಆದರೆ ಹೊರ ಸ್ಕ್ರೀನ್ ಬಳಸಲು ಬಾರದಿದ್ದರೆ ಒಳ ಸ್ಕ್ರೀನ್ ತೆರೆಯುವುದು ಜಾಸ್ತಿಯಾಗುತ್ತದೆ, ಸವೆತವೂ ಜಾಸ್ತಿ. ಒಳಗಡೆ ಮೂಲೆಯಲ್ಲಿ ಕ್ಯಾಮೆರಾಗಳಿಗೆ ದೊಡ್ಡ ಕಚ್ಚು ಬೇರೆ ಇತ್ತು. 2020ರ ಝಡ್ ಫೋಲ್ಡ್2ರಲ್ಲಿ ಹೊರ ಸ್ಕ್ರೀನ್ ದೊಡ್ಡದಾಯಿತು, ಆ ಕಚ್ಚು ಹೋಗಿ ಸಣ್ಣ ತೂತಾಯಿತು.

ನೀರು ಮತ್ತು ಧೂಳಿನ ವಿಷಯ ಈಗಲಾದರೂ ಸರಿಹೋಗಿದೆಯಾ?

ನೀರನ್ನು ಮೊದಲು ಗೆದ್ದರು. 2021ರ ಝಡ್ ಫೋಲ್ಡ್3 ಮತ್ತು ಝಡ್ ಫ್ಲಿಪ್3ಕ್ಕೆ ಐಪಿಎಕ್ಸ್8 ಸಿಕ್ಕಿತು. ಐಪಿ ಅಂದರೆ ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ದರ್ಜೆ; ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 8 ಅನ್ನುವುದು ನೀರಿನ ಅಂಕಿ. ಧೂಳಿನ ಅಂಕಿಯ ಜಾಗದಲ್ಲಿರುವ ಎಕ್ಸ್ ಅಂದರೆ ಧೂಳಿಗೆ ಯಾವ ಭರವಸೆಯೂ ಇಲ್ಲ ಅಂತ. ಎಲೆಕ್ಟ್ರಾನಿಕ್ ಭಾಗಗಳನ್ನು ನೀರು ತಾಗದಂತೆ ಮುಚ್ಚಿಡಬಹುದು. ತಿರುಗುವ ಹಿಂಜನ್ನು ಹಾಗೆ ಮುಚ್ಚುವುದು ಕಷ್ಟ. ಝಡ್ ಫ್ಲಿಪ್‌ನಿಂದ ಶುರುವಾಗಿ ಹಿಂಜ್ ಒಳಗೆ ನೈಲಾನ್ ನಾರಿನ ಪುಟ್ಟ ಬ್ರಷ್‌ಗಳನ್ನು ಇಟ್ಟರು. ಧೂಳನ್ನು ಆದಷ್ಟು ಹೊರಗೇ ತಡೆಯುವುದು ಅವುಗಳ ಕೆಲಸ.

2024ರ ಝಡ್ ಫೋಲ್ಡ್6 ಐಪಿ48 ಪಡೆಯಿತು. ಇಲ್ಲಿನ 4 ಒಂದು ಮಿಲಿಮೀಟರ್‌ಗಿಂತ ದೊಡ್ಡ ಕಣಕ್ಕೆ ಮಾತ್ರ ಲೆಕ್ಕ. ಸಣ್ಣ ಮರಳು ಅದಕ್ಕಿಂತ ಚಿಕ್ಕದು. ಪೂರ್ತಿ ಧೂಳು ತಡೆಯುವ ಐಪಿ68 ಬಂದಿದ್ದು 2025ರ ಪಿಕ್ಸೆಲ್ 10 ಪ್ರೊ ಫೋಲ್ಡ್‌ನಲ್ಲಿ. ಅದೇ ಗೂಗಲ್‌ನ ಮೊದಲ ಪಿಕ್ಸೆಲ್ ಫೋಲ್ಡ್ 2023ರಲ್ಲಿ ಬಂದಾಗ ಆರ್ಸ್ ಟೆಕ್ನಿಕಾದ ವಿಮರ್ಶಕರ ಫೋನಿನ ಸ್ಕ್ರೀನ್ ನಾಲ್ಕೇ ದಿನದಲ್ಲಿ ಹೋಗಿತ್ತು. ಸ್ಕ್ರೀನಿನ ಅಂಚು ಮತ್ತು ಚೌಕಟ್ಟಿನ ನಡುವಿನ ಸಂದಿಗೆ ಕಣವೊಂದು ಸೇರಿರಬೇಕು ಅಂತ ಅವರು ಬರೆದರು. 2019ರಲ್ಲಿ ಕಂಡ ಸಂದಿನ ಸಮಸ್ಯೆ ನಾಲ್ಕು ವರ್ಷದ ಮೇಲೂ ಪೂರ್ತಿ ಮುಗಿದಿರಲಿಲ್ಲ.

ನನ್ನ ಫೋನಿನ ಮೇಲಿನ ಪದರ ಮಡಿಕೆಯ ಹತ್ತಿರ ಎದ್ದಿದೆ. ಕಿತ್ತುಬಿಡಲಾ?

ನೀವೇ ಕೀಳಬೇಡಿ. ಮೊದಲ ಫೋಲ್ಡ್ ಆದರೆ ಖಂಡಿತ ಬೇಡ, ಅದು ಸ್ಕ್ರೀನಿನ ಭಾಗ. ನಂತರದ ಫೋನ್‌ಗಳಲ್ಲಿ ಗಾಜಿನ ಮೇಲಿನ ಪದರವನ್ನು ಸರ್ವಿಸ್ ಸೆಂಟರ್‌ನಲ್ಲಿ ಬದಲಿಸಿಕೊಡುತ್ತಾರೆ. ಎದ್ದ ಜಾಗಕ್ಕೆ ಅಂಟು ಹಾಕುವುದು, ಉಗುರಿನಿಂದ ತಿಕ್ಕಿ ಕೂರಿಸುವುದು ಎರಡೂ ಬೇಡ. ಹಾಗೇ ಬಿಟ್ಟರೆ ಗುಳ್ಳೆಯೊಳಗೆ ಧೂಳು ಸೇರುತ್ತದೆ, ಮುಚ್ಚಿದಾಗ ಅದು ತೆಳು ಗಾಜನ್ನು ಒತ್ತುತ್ತದೆ. ಆದ್ದರಿಂದ ತಡ ಮಾಡಬೇಡಿ.

ಹಳೇ ಮಡಚುವ ಫೋನ್ ಕೊಳ್ಳುವಾಗ ಏನು ನೋಡಬೇಕು?

ಬರೀ ಫೋಟೊ ನೋಡಿ ದುಡ್ಡು ಕೊಡಬೇಡಿ, ಕೈಗೆ ತಗೊಂಡು ನೋಡಿ. ನಿಧಾನಕ್ಕೆ ತೆರೆಯಿರಿ, ಕಿವಿ ಹತ್ತಿರ ಇಟ್ಟುಕೊಂಡು. ಮರಳು ಅರೆದ ಹಾಗೆ ಕರಕರ ಸದ್ದು ಬಂದರೆ ಹಿಂಜ್ ಒಳಗೆ ಕಸ ಇದೆ. ಪೂರ್ತಿ ಚಪ್ಪಟೆಯಾಗುತ್ತದಾ, ಮೇಜಿನ ಮೇಲಿಟ್ಟು ನೋಡಿ. ಪೂರ್ತಿ ಬಿಳಿ ಚಿತ್ರ, ಆಮೇಲೆ ಪೂರ್ತಿ ಕಪ್ಪು ಚಿತ್ರ ಹಾಕಿ ಮಡಿಕೆಯ ಉದ್ದಕ್ಕೂ ಕಣ್ಣಾಡಿಸಿ. ಒಂದು ಐಕಾನ್ ಹಿಡಿದು ಬೆರಳೆತ್ತದೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆಯಿರಿ. ಗೆರೆ ದಾಟುವಾಗ ಕೈತಪ್ಪಿದರೆ ಸ್ಪರ್ಶದ ಪದರ ಸೋತಿದೆ.

ಮೊದಲ ಗ್ಯಾಲಕ್ಸಿ ಫೋಲ್ಡ್ ಆದರೆ ಟಿ ಮುಚ್ಚಳ ಎರಡೂ ಇವೆಯಾ, ಎದ್ದಿವೆಯಾ ನೋಡಿ. ಮುಚ್ಚಿದಾಗ ಎರಡು ಅರ್ಧಗಳ ನಡುವೆ ಒಂದು ಕಡೆ ಮಾತ್ರ ಅಂತರ ಜಾಸ್ತಿ ಇದ್ದರೆ ಹುಷಾರು. ಈ ಫೋನಿನಲ್ಲಿ ಎರಡು ಬ್ಯಾಟರಿ ಇವೆ, ಅರ್ಧಕ್ಕೊಂದು. ಹಳೇದಾಗಿ ಒಂದು ಊದಿಕೊಂಡಿರಬಹುದು. ಅಂಥ ಫೋನನ್ನು ಒತ್ತಿ ಮುಚ್ಚಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ.